ಮೂಡಲ ಸೀಮೆಯಲ್ಲಿ ಒಂದು ಮೋಟಾರು ಪ್ರವಾಸ

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟರೆ ಮಾಲೂರು, ಕೋಲಾರ, ಮುಳುಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ಊರುಗಳನ್ನು ಒಂದೇ ಹಗಲಿನಲ್ಲಿ ಕಂಡು ಬರಬಹುದು. ದಾರಿ ಒಳ್ಳೆಯದು. ಗಾಡಿಯೂ ಒಳ್ಳೆಯದಾಗಿದ್ದರೆ ಬಂದ ಮೇಲೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಕಳೆದ ಮಾವಿನ ಕಾಲದಲ್ಲಿ ನಾವು ಕೈಗೊಂಡ ಪ್ರವಾಸದಲ್ಲಿ ದಾರಿ ಒಳ್ಳೆಯದಾಗಿದ್ದಿತು, ಗಾಡಿ ಮಾತ್ರ ಹಳೆಯದು. ಆದುದರಿಂದ ಹೇಳತಕ್ಕದ್ದು ಸ್ವಲ್ಪ ಉಳಿದಿದೆ. ಸ್ವಂತ ಗಾಡಿಯುಳ್ಳ ಗೃಹಸ್ಥರಿಗೆ ಇದರಿಂದ ಒಂದೆರಡು ಉಪಯುಕ್ತ ವಿಷಯಗಳೂ ದೊರೆಯಬಹುದೆಂದು ನಂಬಿ ಬರೆಯುತ್ತಿದ್ದೇನೆ.

ಹೊರಟ ಕಾರಣವನ್ನು ಮೊದಲು ಹೇಳಬೇಕು. ನನ್ನ ಸೋದರಮಾವನವರು ಶ್ರೀನಿವಾಸಪುರದ ಹತ್ತಿರ ಮಾವಿನ ತೋಪು ಇಟ್ಟುಕೊಂಡಿದ್ದಾರೆ. ಎಂಟು ವರ್ಷಗಳ ಹಿಂದೆ ನಮ್ಮ ತಂದೆಯವರು ತೀರಿಕೊಂಡಾಗ ಅವರು ಬರಲಿಲ್ಲ. ಅದಕ್ಕೆ ಮುಂಚೆ ತೋಪಿನ ಒಂದು ಭಾಗವನ್ನು ಮಾರುವ ವಿಷಯದಲ್ಲಿ ಅಣ್ಣತಂಗಿಯರಿಗೆ ನಾಲ್ಕು ಮಾತು ನಡೆದಿದ್ದುವು. ಆ ಮುನಿಸಿನಿಂದಲೇ ಅಣ್ಣ ಬರಲಿಲ್ಲವೆಂದು ತಾಯಿಯವರು ತಿಳಿದರು. ತಿಳಿದುದನ್ನು ಬಾಯಿಬಿಟ್ಟು ಆಡಲಿಲ್ಲ. ಹೋಗುವುದು ಬರುವುದು ನಿಂತಿತು, ಅಷ್ಟೆ. ಈಚೆಗೆ ಮಾವನವರ ಆರೋಗ್ಯ ಕೆಟ್ಟಿದೆಯೆಂದು ಸುದ್ದಿ ಬಂತು. ಎರಡು ದಿನ ತಾಯಿಯವರು ಏನೂ ಹೇಳಲಿಲ್ಲ. ಮೂರನೆಯ ದಿನ ಬೆಳಗ್ಗೆ, “ನಿಮ್ಮಪ್ಪನ ಗಾಡಿ ತೆಗೆ, ಹೋಗಿ ಬರೋಣ. ದಾರಿಯಲ್ಲಿ ಮುಳುಬಾಗಿಲು ಆಂಜನೇಯನ ದರ್ಶನವೂ ಆಗಲಿ” ಎಂದರು.

ತಂದೆಯವರ ಗಾಡಿ 1984ರಲ್ಲಿ ಕೊಂಡ ಪದ್ಮಿನಿ. ಈ ಗಾಡಿಯ ಕುಲಕ್ಕೂ ನಾವು ಹೊರಟ ಸೀಮೆಗೂ ಒಂದು ದೂರದ ಸಂಬಂಧವುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದಿತು. ನಮ್ಮ ದೇಶದಲ್ಲಿಯೇ ಮೋಟಾರುಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ ಓಡಾಡಿದವರು ಅವರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ತೆರೆಯುವ ಆಲೋಚನೆ ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಜೊತೆಯಾಗಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಅಲ್ಲಿ ತಯಾರಾದ ಗಾಡಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಈ ಶತಮಾನ ಆರಂಭವಾಗುವ ಹೊತ್ತಿಗೆ ಅದರ ತಯಾರಿಕೆ ನಿಂತುಹೋಯಿತು. ನಮ್ಮ ಮನೆಯಲ್ಲಿ ಅದು ಕೊಟ್ಟಿಗೆಯಲ್ಲಿ ನಿಂತದ್ದೇ ಹೆಚ್ಚು. ನಾನು ವಾರಕ್ಕೊಮ್ಮೆ ಚಾಲೂ ಮಾಡಿ ಬೀದಿ ಸುತ್ತಿಸುತ್ತಿದ್ದೆನೇ ಹೊರತು ಒಳಗಿನ ಭಾಗಗಳನ್ನು ವರ್ಷಗಟ್ಟಲೆ ನೋಡಿರಲಿಲ್ಲ. ದೋಷವೇನಿದ್ದರೂ ನನ್ನ ಉದಾಸೀನಕ್ಕೆ ಸೇರಿದ್ದು.

ಬೆಳಗಿನ ಆರು ಗಂಟೆಗೆ ಹೊರಟು ಹೊಸಕೋಟೆಯ ಮೇಲೆ ಮಾಲೂರನ್ನು ಸೇರಿದೆವು. ಮಾಲೂರು ಹೆಂಚಿನ ಊರು, ಇಟ್ಟಿಗೆಯ ಊರು. ಬೆಂಗಳೂರಿನ ಅದೆಷ್ಟೋ ಮನೆಗಳ ಗೋಡೆ ಮಾಡುಗಳು ಈ ತಾಲ್ಲೂಕಿನ ಕೆರೆಮಣ್ಣಿನಿಂದ ಎದ್ದಿರುವುವು. ಗೂಡುಗಳ ಎತ್ತರದ ಹೊಗೆಕೊಳವೆಗಳು ಊರಿಗಿಂತ ಮೊದಲು ಕಣ್ಣಿಗೆ ಬೀಳುತ್ತವೆ. ಬೆಂಗಳೂರಿಗೂ ಜೋಲಾರಪೇಟೆಗೂ 1864ರಲ್ಲಿ ಹಾಕಿದ ರೈಲುದಾರಿ ಈ ಊರಿನ ಮೇಲೆಯೇ ಹೋಗುತ್ತದೆ. 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮುಂದೆ ನಿಂತಿರುವ ಮಾಸ್ತಿ ಎಂಬ ಊರು ಈ ತಾಲ್ಲೂಕಿನದೇ. ಮಾಲೂರಿನ ನಮ್ಮ ಸೋದರತ್ತೆಯ ಮನೆಯಲ್ಲಿ ಉಪಾಹಾರವಾಯಿತು. ಅತ್ತೆ ಎಲ್ಲಿಗೆ ಪ್ರಯಾಣವೆಂದು ಕೇಳಿದರು. ತಾಯಿಯವರು “ಮುಳುಬಾಗಿಲಿಗೆ” ಎಂದಷ್ಟೇ ಹೇಳಿದರು. ಶ್ರೀನಿವಾಸಪುರದ ಹೆಸರು ಬಾಯಿಗೆ ಬರಲಿಲ್ಲ.

ಅಲ್ಲಿಂದ ಕೋಲಾರದ ದಾರಿ. ಈ ಜಿಲ್ಲೆಗೆ ವರ್ಷವೆಲ್ಲ ಹರಿಯತಕ್ಕ ನದಿಯಿಲ್ಲ. ಹಿಂದಿನವರು ಅದಕ್ಕೋಸ್ಕರ ತಗ್ಗು ಕಂಡಲ್ಲೆಲ್ಲ ಕೆರೆ ಕಟ್ಟಿದರು. ಮಳೆ ತಪ್ಪಿ, ಕೊಳವೆಬಾವಿಗಳು ಆಳಕ್ಕೆ ಇಳಿದು, ಆ ಕೆರೆಗಳು ಬಹುಕಾಲ ಒಣಗಿ ಬಿದ್ದಿದ್ದುವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳ ಮೂಲಕ ಈ ಕಡೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಗುಣದ ವಿಷಯವಾಗಿ ವಾದವಿವಾದಗಳಿವೆ. ಕೆರೆಯಲ್ಲಿ ನೀರನ್ನು ಕಂಡು ತಾಯಿಯವರು ಮಾತ್ರ ಗಾಡಿಯನ್ನು ನಿಧಾನ ಮಾಡಿಸಿ ಎರಡು ನಿಮಿಷ ನೋಡಿದರು.

ಕೋಲಾರ ಬಹು ಪುರಾತನವಾದ ಊರು. ಕುವಳಾಲವೆಂಬ ಹೆಸರಿನಿಂದ ಗಂಗರ ಮೊದಲ ರಾಜಧಾನಿಯಾಗಿದ್ದಿತು. ತರುವಾಯ ಅವರು ತಲಕಾಡಿಗೆ ಹೋದರು. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ. ಅಲ್ಲಿಯೇ ಚೇಳಮ್ಮನ ಸನ್ನಿಧಿಯೂ ಉಂಟು. ಚೇಳಿನ ಭಯವಿರುವವರು ಅವಳಿಗೆ ನಡೆದುಕೊಂಡು ನೆಲದಲ್ಲಿ ಹೂತ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಸೋಮೇಶ್ವರನ ಗುಡಿ ವಿಜಯನಗರದ ಕಾಲದ್ದು. ಅದರ ಕಲ್ಯಾಣಮಂಟಪದ ಕಂಬಗಳ ಮುಂದೆ ಅರ್ಧ ಗಂಟೆ ನಿಂತರೂ ಸಾಲದು. ಊರಿನ ಬೆನ್ನಿಗೆ ಶತಶೃಂಗ ಪರ್ವತ, ಅದರಲ್ಲಿ ಅಂತರಗಂಗೆ. ಬರಗಾಲದ ಸೀಮೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ಆ ನೀರನ್ನು ಜನರು ಗಂಗೆಯೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿಂದ ಆಗ್ನೇಯಕ್ಕಿರುವ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದುವು. ಆ ಕಡೆಗೆ ಹೋಗುವಷ್ಟು ಹೊತ್ತು ನಮಗಿರಲಿಲ್ಲ.

ಹನ್ನೊಂದು ಗಂಟೆಗೆ ಕೋಲಾರವನ್ನು ಬಿಟ್ಟು ಮುಳುಬಾಗಿಲಿನ ಹೆದ್ದಾರಿಯನ್ನು ಹಿಡಿದೆವು. ಬಿಸಿಲು ಕಾದ ಹೆಂಚಿನಂತಿದ್ದಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಎಂಜಿನು ಎರಡು ಸಲ ಕೆಮ್ಮಿ, ಎಳೆಯುವ ಶಕ್ತಿಯನ್ನು ಕಳೆದುಕೊಂಡು, ನಿಂತೇಬಿಟ್ಟಿತು. ಗಾಡಿಯನ್ನು ಹುಣಿಸೆಮರದ ನೆರಳಿಗೆ ತಳ್ಳಿ ಕೀಲಿ ತಿರುಗಿಸಿದೆ. ಸ್ಟಾರ್ಟರು ಗರಗರನೆ ತಿರುಗಿತು, ಎಂಜಿನು ಹತ್ತಲಿಲ್ಲ. ಹಸಿ ಸೌದೆಯ ಒಲೆಯನ್ನು ಎಷ್ಟು ಊದಿದರೂ ಹೊತ್ತದಿರುವಂತೆ ಆಯಿತು. ಬಿಸಿಲಿನಲ್ಲಿ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿಬಿಟ್ಟರೆ ಪಂಪು ಅದನ್ನು ಎಳೆಯಲಾರದು. ಹಳೆಯ ಗಾಡಿಗಳಿಗೆ ಬೇಸಗೆಯಲ್ಲಿ ಬರುವ ಈ ರೋಗವನ್ನು ನಾನು ಕೇಳಿ ಬಲ್ಲೆ. ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದೆ. ತಾಯಿಯವರು ಗಾಡಿಯೊಳಗೆ ಕುಳಿತೇ ಕೈಮುಗಿದು ಆಂಜನೇಯನಿಗೆ ವಡೆಮಾಲೆಯನ್ನು ಹರಸಿಕೊಂಡರು. ನಲವತ್ತು ನಿಮಿಷ ಕಳೆದು ಕೀಲಿ ತಿರುಗಿಸಿದರೆ ಎಂಜಿನು ಥಟ್ಟನೆ ಹತ್ತಿತು. ನನಗೆ ನನ್ನ ಒದ್ದೆ ಬಟ್ಟೆಯ ಮೇಲೆ ನಂಬಿಕೆ ಹುಟ್ಟಿತು. ತಾಯಿಯವರಿಗೆ ಅವರ ಹರಕೆಯ ಮೇಲೆ.

ಮುಳುಬಾಗಿಲೆಂದರೆ ಮೂಡಲ ಬಾಗಿಲು. ನಾಡಿನ ಪೂರ್ವದ ಹೆಬ್ಬಾಗಿಲಾದುದರಿಂದ ಆ ಹೆಸರು. ಇಲ್ಲಿಯ ಆಂಜನೇಯನನ್ನು ಭಾರತಯುದ್ಧವಾದ ಮೇಲೆ ಅರ್ಜುನನು ಪ್ರತಿಷ್ಠೆ ಮಾಡಿದನೆಂದು ಸ್ಥಳಪುರಾಣ. ಹಿಂದೆ ತಿರುಪತಿಗೆ ನಡೆದು ಹೋಗುತ್ತಿದ್ದ ಯಾತ್ರಿಕರು ನರಸಿಂಹತೀರ್ಥದಲ್ಲಿ ಮಿಂದು ಈ ಸ್ವಾಮಿಯನ್ನು ಕಂಡೇ ಮುಂದೆ ಹೋಗುತ್ತಿದ್ದರು. ಹರಿದಾಸರಲ್ಲಿ ಹಿರಿಯರಾದ ಶ್ರೀಪಾದರಾಜರ ಬೃಂದಾವನವು ಆ ನರಸಿಂಹತೀರ್ಥದಲ್ಲಿಯೇ ಇದೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರೂ ಇದೇ. ಸಮೀಪದ ಕುರುಡುಮಲೆಯಲ್ಲಿ ಆಳೆತ್ತರವನ್ನು ಎಷ್ಟೋ ಮೀರಿದ ಏಕಶಿಲೆಯ ಗಣಪತಿಯನ್ನೂ, ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳನ್ನೂ ನೋಡಬಹುದು. ಅವಸರದ ಪ್ರಯಾಣಿಕರು ಮುಳುಬಾಗಿಲಿನ ದೋಸೆಯನ್ನಾದರೂ ಬಿಡತಕ್ಕದ್ದಲ್ಲ. ಹೊರಗೆ ಗರಿ, ಒಳಗೆ ಹತ್ತಿಯಂತೆ ಮೃದು. ನಾವು ದರ್ಶನವನ್ನೂ ದೋಸೆಯನ್ನೂ ಮುಗಿಸಿ, ವಡೆಮಾಲೆಯ ಹರಕೆಯನ್ನೂ ಅಂದೇ ತೀರಿಸಿ, ಬಿಸಿಲು ತಗ್ಗಲೆಂದು ನಾಲ್ಕು ಗಂಟೆಯವರೆಗೆ ಕಾದು ಶ್ರೀನಿವಾಸಪುರದ ದಾರಿಗೆ ಬಿದ್ದೆವು.

ಹತ್ತು ಕಿಲೋಮೀಟರು ಹೋಗಿರಬಹುದು. ಎರಡು ಕಡೆಯೂ ಮಾವಿನ ತೋಪುಗಳು. ಟೊಂಗೆಗಳು ಕಾಯಿಯ ಭಾರಕ್ಕೆ ನೆಲವನ್ನು ಮುಟ್ಟುತ್ತಿದ್ದುವು. ಗಾಡಿ ಪುನಃ ಕೆಮ್ಮಿತು, ಪುನಃ ನಿಂತಿತು. ಒದ್ದೆ ಬಟ್ಟೆಯನ್ನು ಸುತ್ತಿ ಹತ್ತು ನಿಮಿಷ ಕಾದೆ. ಹತ್ತಲಿಲ್ಲ. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಸಲವಾದರೆ ಗಾಡಿಯ ದೋಷ. ಎರಡು ಸಲ ಎಂದರೆ ಹೋಗಬೇಡವೆಂದೇ ಅರ್ಥ. ಹಿಂದಕ್ಕೆ ಹೋಗೋಣ ಕಣಪ್ಪ” ಎಂದರು. ಮಾವನ ಮನೆಗೆ ಫೋನು ಮಾಡಿ ಅವರ ಮಗನನ್ನು ಕರೆಸೋಣವೆಂದರೆ ಅದಕ್ಕೂ ಒಪ್ಪಲಿಲ್ಲ. “ಎಂಟು ವರ್ಷದ ಮೇಲೆ ಹೋಗುವವರು ಸಹಾಯ ಬೇಡಿಕೊಂಡು ಹೋಗುವುದೆ?” ಎಂದರು. ಅಂದು ಹಿಂದಿರುಗಿದ್ದರೆ ಅವರು ಮತ್ತೆ ಹೊರಡುತ್ತಿರಲಿಲ್ಲವೆಂಬುದು ನನಗೆ ಗೊತ್ತಿದ್ದಿತು. ಮಾವನವರ ವಯಸ್ಸೂ ಗೊತ್ತಿದ್ದಿತು. “ಅಮ್ಮ, ಒಂದು ಗಂಟೆ ಕೊಡು. ಕಾರಣ ಸಿಕ್ಕದಿದ್ದರೆ ಹಿಂದಿರುಗೋಣ” ಎಂದೆ.

ಆಮೇಲೆ, ಬೆಳಗ್ಗೆ ಮಾಡಬೇಕಾಗಿದ್ದ ಕೆಲಸವನ್ನು ಸಂಜೆ ಮಾಡಲು ತೊಡಗಿದೆ; ಎಂದರೆ ಊಹೆಯನ್ನು ಬಿಟ್ಟು ಒಂದೊಂದನ್ನಾಗಿ ನೋಡುತ್ತ ಬಂದೆ. ಒಲೆ ಹೊತ್ತಲು ಸೌದೆ ಬೇಕು, ಗಾಳಿ ಬೇಕು, ಬೆಂಕಿ ಬೇಕು. ಪೆಟ್ರೋಲಿನ ಎಂಜಿನಿಗೂ ಹಾಗೆಯೇ ಪೆಟ್ರೋಲು, ಗಾಳಿ, ಕಿಡಿ ಈ ಮೂರೂ ಬೇಕು. ಕಿಡಿ ಸರಿಯಾದ ಕ್ಷಣದಲ್ಲಿ ಹಾರಬೇಕು. ಒಳಗಿನ ಮಿಶ್ರಣವನ್ನು ಪಿಸ್ಟನ್ನು ಬಿಗಿಯಾಗಿ ಒತ್ತಿರಬೇಕು. ಸ್ಟಾರ್ಟರು ಚುರುಕಾಗಿ ತಿರುಗುತ್ತಿದ್ದುದರಿಂದ ಬ್ಯಾಟರಿ ಮತ್ತು ಅದರ ತಂತಿಗಳು ನೆಟ್ಟಗಿವೆಯೆಂದು ಸಿದ್ಧವಾಯಿತು. ಹಿಂದುಗಡೆ ಹೋಗಿ ಗಾಡಿಯನ್ನು ಅಲ್ಲಾಡಿಸಿ ಕಿವಿಗೊಟ್ಟೆ. ಟ್ಯಾಂಕಿನಲ್ಲಿ ಪೆಟ್ರೋಲು ಗುಳುಗುಳು ಎಂದಿತು. ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ ಅದರ ತುದಿಯನ್ನು ಒಂದು ಸೀಸೆಯೊಳಗಿಟ್ಟು, ತಾಯಿಯವರಿಂದ ಕೀಲಿ ತಿರುಗಿಸಿದೆ. ಪೆಟ್ರೋಲು ಹಸುವಿನ ಹಾಲು ಕರೆದಂತೆ ಸೊರ್ ಸೊರ್ ಎಂದು ಬಂತು.

ಅಲ್ಲಿಗೆ ನನ್ನ ಆವಿಯ ಸಿದ್ಧಾಂತ ಮುರಿದುಬಿತ್ತು. ಪಂಪು ಎಳೆಯುತ್ತಿದೆ, ಪೆಟ್ರೋಲು ಬರುತ್ತಿದೆ. ಹಾಗಾದರೆ ಮಧ್ಯಾಹ್ನ ಗಾಡಿಯನ್ನು ಗುಣಪಡಿಸಿದ್ದು ಒದ್ದೆ ಬಟ್ಟೆಯಲ್ಲ, ಬಟ್ಟೆಯ ನೆಪದಲ್ಲಿ ನಾವು ಕಾದ ನಲವತ್ತು ನಿಮಿಷ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವ ಬೇರಾವುದೋ ಭಾಗ ಒಳಗಿರಬೇಕು.

ಕೊಳವೆಯನ್ನು ಜೋಡಿಸಿ, ಚೆಲ್ಲಿದ ಪೆಟ್ರೋಲನ್ನು ಒರೆಸಿ, ವಾಸನೆ ಪೂರ್ತಿಯಾಗಿ ಆರುವವರೆಗೆ ನಿಂತು, ಆಮೇಲೆ ಕಿಡಿಯ ಪರೀಕ್ಷೆಗೆ ಕೈ ಹಾಕಿದೆ. ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತಂತಿಯನ್ನು ಅದಕ್ಕೇ ಸಿಕ್ಕಿಸಿ, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು, ಅದರ ಲೋಹದ ಮೈಯನ್ನು ಎಂಜಿನಿಗೆ ತಾಗಿಸಿದೆ. ತಾಯಿಯವರು ಕೀಲಿ ತಿರುಗಿಸಿದರು. ಆರೋಗ್ಯವಾದ ಕಿಡಿ ನೀಲಿಯಾಗಿ ಚಟಚಟನೆ ಹಾರಬೇಕು. ನಾನು ಕಂಡದ್ದು ಹಳದಿ ಬಣ್ಣದ, ಎಣ್ಣೆ ತೀರಿದ ಹಣತೆಯ ಕೊನೆಯ ಕುಡಿಯಂತಹ ಕಿಡಿ. ಅದೂ ನಾಲ್ಕು ಸಲಕ್ಕೆ ಒಂದು ಸಲ ಕಾಣಿಸಿತು. ರೋಗ ಇರುವ ಕಡೆ ಗೊತ್ತಾಯಿತು. ರೋಗ ಯಾವುದೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮಾವಿನಕಾಯಿ ತುಂಬಿದ ಟ್ರಾಕ್ಟರೊಂದು ಬಂದು ನಿಂತಿತು. ನಡೆಸುತ್ತಿದ್ದ ಯುವಕ “ಏಮೈಂದಿ ಸ್ವಾಮಿ?” ಎಂದು ತೆಲುಗಿನಲ್ಲಿ ಕೇಳಿ, ನಮ್ಮ ಮಾತು ಕೇಳಿದೊಡನೆ ಕನ್ನಡಕ್ಕೆ ತಿರುಗಿದ. ಈ ಸೀಮೆಯ ಜನರಿಗೆ ಎರಡು ಭಾಷೆಗಳೂ ಒಂದೇ ಮನೆಯ ಎರಡು ಬಾಗಿಲಿದ್ದಂತೆ. ಮುಳುಬಾಗಿಲಿನಲ್ಲಿ ಹಳೆಯ ಗಾಡಿಗಳ ಕೆಲಸ ಬಲ್ಲ ಒಬ್ಬ ವೃದ್ಧರಿದ್ದಾರೆಂದು ಹೇಳಿ, ತಾನೇ ಅವರಿಗೆ ಫೋನು ಮಾಡಿ, ಒಂದು ಮಡಿಲು ಕಾಯಿಯನ್ನು ತಾಯಿಯವರ ಕೈಯಲ್ಲಿಟ್ಟು ಹೋದ.

ಮುಕ್ಕಾಲು ಗಂಟೆಯಲ್ಲಿ ಆ ವೃದ್ಧರು ಸ್ಕೂಟರಿನಲ್ಲಿ ಬಂದರು. ನೆರೆತ ಗಡ್ಡ, ಎಣ್ಣೆ ಹಿಡಿದ ಕೈ, ಮೆಲು ಮಾತು. ಬಂದವರೇ ಕೀಲಿ ತಿರುಗಿಸಿದರು. ಎಂಜಿನು ಒಂದೇ ಸಲಕ್ಕೆ ಹತ್ತಿತು! ನನಗೆ ಸಂತೋಷಕ್ಕಿಂತ ನಾಚಿಕೆಯಾಯಿತು. ತಾಯಿಯವರು ಮಾವಿನಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಸದ್ಯ, ಹೊರಡೋಣ” ಎಂದು ಬಾಗಿಲಿಗೆ ಕೈಯಿಟ್ಟರು.

ವೃದ್ಧರು ಹೊರಡಗೊಡಲಿಲ್ಲ. “ಹತ್ತಿತು ಅಂದರೆ ರೋಗ ಹೋಯಿತು ಅಂತ ಅಲ್ಲ, ತಾಯಿ. ಈಗ ತಣ್ಣಗಿದೆ, ಅದಕ್ಕೆ ಹತ್ತಿದೆ. ಮುಂದೆ ಕತ್ತಲಲ್ಲಿ ನಿಂತರೆ ನಾನು ಎಲ್ಲಿ ಹುಡುಕಿಕೊಂಡು ಬರಲಿ? ಇಲ್ಲೇ ನಿಲ್ಲಲಿ, ನಾನಿದ್ದಾಗಲೇ ನಿಲ್ಲಲಿ” ಎಂದರು. ಎಂಜಿನನ್ನು ನಿಂತಲ್ಲಿಯೇ ಓಡಬಿಟ್ಟು ಕಲ್ಲಿನ ಮೇಲೆ ಕುಳಿತರು. ಹತ್ತಿದ ಗಾಡಿಯನ್ನು ಬೇಕೆಂದೇ ನಿಲ್ಲಗೊಡುವ ಆ ತಾಳ್ಮೆಯನ್ನು ನಾನು ಮೊದಲ ಸಲ ಕಂಡೆ. ಇಪ್ಪತ್ತು ನಿಮಿಷ ಕಳೆಯಿತು. ಎಂಜಿನು ಕೆಮ್ಮಿ ನಿಂತಿತು. ಅವರು ನಕ್ಕು, “ಬಂತು” ಎಂದು ಎದ್ದರು.

ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಅದರಲ್ಲಿ ಬಿರುಕಾಗಲಿ ತೇವವಾಗಲಿ ಇಲ್ಲವೆಂದು ನೋಡಿದರು. ಒಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುದಿಗಳಿವೆ. ಎಂಜಿನು ತಿರುಗಿದಂತೆಲ್ಲ ಅವು ಮುಟ್ಟಿ ಬಿಡುತ್ತಿರುತ್ತವೆ. ಅವು ಬಿಟ್ಟ ಕ್ಷಣದಲ್ಲಿ ಕಾಯಿಲಿನ ಸುರುಳಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತು ತಟ್ಟನೆ ಕಡಿದು, ಬ್ಯಾಟರಿಯ 12 ವೋಲ್ಟಿನ ಬಲದಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ವೃದ್ಧರು ತಿರುಪುಳಿಯ ತುದಿಯಿಂದ ಪಾಯಿಂಟನ್ನು ಬಿಡಿಸಿ ತೋರಿಸಿದರು. ಪ್ಲಗ್ಗಿನಲ್ಲಿ ಹಾರಬೇಕಾದ ಬೆಂಕಿಯೆಲ್ಲ ಆ ಪಾಯಿಂಟುಗಳ ನಡುವೆಯೇ ಉರಿಯುತ್ತಿದ್ದಿತು! ತುದಿಗಳು ಕಪ್ಪಾಗಿ, ಒಂದರಲ್ಲಿ ಕುಳಿಯೂ ಇನ್ನೊಂದರಲ್ಲಿ ಮೊಳಕೆಯೂ ಎದ್ದಿದ್ದುವು. “ಕಂಡೆನ್ಸರು” ಎಂದು ಒಂದೇ ಮಾತು ಹೇಳಿದರು.

ಕಂಡೆನ್ಸರೆಂಬುದು ಕಿರುಬೆರಳಿನ ಗಾತ್ರದ ಒಂದು ಡಬ್ಬಿ. ಅದರ ಕೆಲಸವನ್ನು ಅವರು ವಿವರಿಸಿದ ರೀತಿ ನನಗೆ ಮರೆಯದು. ಕಾಲುವೆಯಲ್ಲಿ ನೀರು ರಭಸದಿಂದ ಬರುತ್ತಿರುವಾಗ ಹಲಗೆಯನ್ನು ತಟ್ಟನೆ ಇಳಿಸಿದರೆ ನೀರು ಹಲಗೆಯನ್ನೇ ಹಾರಿ ಆಚೆಗೆ ಹೋಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿಯಿದ್ದರೆ ಆ ರಭಸ ಅದರೊಳಗೆ ಇಳಿದು, ಹರಿವು ಚೊಕ್ಕವಾಗಿ ನಿಲ್ಲುತ್ತದೆ. ಕಂಡೆನ್ಸರು ಆ ತೊಟ್ಟಿ. ಅದು ಕೆಟ್ಟರೆ ವಿದ್ಯುತ್ತು ಪಾಯಿಂಟುಗಳನ್ನು ಹಾರಿಬಿಡುತ್ತದೆ. ಹರಿವು ಚೊಕ್ಕವಾಗಿ ಕಡಿಯದೆ ಪ್ಲಗ್ಗಿಗೆ ಬಲವಾದ ಕಿಡಿ ಮುಟ್ಟುವುದಿಲ್ಲ. ಹಳೆಯ ಕಂಡೆನ್ಸರು ತಣ್ಣಗಿರುವಾಗ ಕೆಲಸ ಮಾಡಿ ಕಾದಾಗ ಕೈಬಿಡುವುದು ಸಾಮಾನ್ಯ. ಅದಕ್ಕೇ ಎಲ್ಲರೂ ಪೆಟ್ರೋಲಿನ ಮೇಲೆ ಸಂಶಯಪಡುವರು.

ಈ ಗಾಡಿಯ ಕಂಡೆನ್ಸರು ಅವರಲ್ಲಿರಲಿಲ್ಲ. ಜೇಬಿನಿಂದ ಅಂಬಾಸಿಡರಿನದೊಂದನ್ನು ತೆಗೆದರು. ಈ ಡಬ್ಬಿಗಳ ಅಳತೆ ಹೆಚ್ಚುಕಡಿಮೆ ಒಂದೇ ಆದುದರಿಂದ ನಡೆಯುತ್ತದಂತೆ. ಹಳೆಯದರ ತಂತಿಯನ್ನು ಕಳಚಿ, ಹೊಸದನ್ನು ಹೊರಗಡೆಯಿಂದಲೇ ಒಂದು ತಿರುಪಿಗೆ ಬಿಗಿದು, ಪಾಯಿಂಟುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಅವುಗಳ ನಡುವಣ ಸಂದನ್ನು ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆಯಾಗಿ ಇಟ್ಟರು. ಎಂಜಿನು ಇನ್ನೂ ಬೆಂಕಿಯಂತೆ ಕಾದಿದ್ದಿತು. ಪ್ಲಗ್ಗನ್ನು ಪುನಃ ತಾಗಿಸಿ ನೋಡಿದೆವು. ಕಿಡಿ ನೀಲಿ, ಚಟಚಟ ಸದ್ದು ತಾಯಿಯವರ ಕಿವಿಗೂ ಬಿದ್ದಿತು. ಕೀಲಿ ತಿರುಗಿಸಿದರೆ ಬಿಸಿ ಎಂಜಿನು ಒಂದೇ ಸಲಕ್ಕೆ ಹತ್ತಿತು. ಇನ್ನರ್ಧ ಗಂಟೆ ಓಡಿಸಿ ನೋಡಿದ ಮೇಲೆಯೇ ವೃದ್ಧರು ನಮಗೆ ಅಪ್ಪಣೆ ಕೊಟ್ಟರು. ಅವರು ಕೇಳಿದ್ದು ಅತ್ಯಲ್ಪ. ತಾಯಿಯವರು ಹಣದ ಜೊತೆಗೆ ಪ್ರಸಾದದ ವಡೆಗಳನ್ನು ಕೊಟ್ಟರು. ಅವರು ಎರಡು ಕೈಯಿಂದಲೂ ತೆಗೆದುಕೊಂಡರು.

ಸ್ಟಾರ್ಟರು ತಿರುಗಿ ಎಂಜಿನು ಹತ್ತದಿರುವಾಗ ಗೃಹಸ್ಥರು ಮಾಡಬೇಕಾದುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲನೆಯದು, ಕೀಲಿಯನ್ನು ಒಂದೇ ಸಮನೆ ತಿರುಗಿಸಕೂಡದು; ಹತ್ತು ಸೆಕೆಂಡು ತಿರುಗಿಸಿದರೆ ಒಂದು ನಿಮಿಷ ಬಿಡಬೇಕು. ಇಲ್ಲವಾದರೆ ಸ್ಟಾರ್ಟರು ಕಾದು, ಬ್ಯಾಟರಿ ಬತ್ತಿ, ಒಂದು ರೋಗದ ಜೊತೆಗೆ ಇನ್ನೊಂದು ಸೇರುತ್ತದೆ. ಎರಡನೆಯದು, ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಎಂಜಿನಿನ ಬಾಯಿಗೆ ಪೆಟ್ರೋಲು ಹೆಚ್ಚಾಗಿದೆಯೆಂದು ತಿಳಿಯಬೇಕು. ಚೋಕನ್ನು ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಅದುಮಿ ಹಿಡಿದು ತಿರುಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಪ್ಲಗ್ಗುಗಳನ್ನು ತೆಗೆದು ಒರೆಸಿ ಒಣಗಿಸಬೇಕು. ವಾಸನೆಯೇ ಇಲ್ಲದಿದ್ದರೆ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಪೆಟ್ರೋಲಿನ ದಾರಿಯನ್ನು ನೋಡಬೇಕು. ಮೂರನೆಯದು ಕಿಡಿಯ ಪರೀಕ್ಷೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳು ಹತ್ತುತ್ತವೆ. ಎರಡೂ ಸರಿಯಿದ್ದು ಹತ್ತದಿದ್ದರೆ ಕಿಡಿಯ ಕಾಲ ತಪ್ಪಿರಬೇಕು, ಇಲ್ಲವೆ ಒಳಗಿನ ಒತ್ತಡ ಕುಂದಿರಬೇಕು. ಅದು ಬಲ್ಲವರ ಕೆಲಸ. ಈಚಿನ ಗಾಡಿಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬ್ಯುರೇಟರೂ ಇಲ್ಲ. ಅವುಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದಾಗ ಪೆಟ್ರೋಲು ಪಂಪು ಎರಡು ಸೆಕೆಂಡು ಗುಂಯ್ಗುಡುವುದೇ ಎಂದು ಸಾಧಾರಣವಾಗಿ ಕೇಳಬಹುದು. ಕೇಳದಿದ್ದರೆ ಫ್ಯೂಜು ರಿಲೇಗಳನ್ನು ನೋಡಬೇಕು. ಕೀಲಿಯ ಗುರುತಿನ ದೀಪ ಮಿಟುಕುತ್ತಿದ್ದರೆ ಗಾಡಿ ಆ ಕೀಲಿಯನ್ನು ಒಪ್ಪಿಲ್ಲವೆಂದು ಅರ್ಥ. ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸಬೇಕು. ಯಾವ ಗಾಡಿಯಾದರೂ ಸರಿ, ಒಂದು ಪರೀಕ್ಷೆ ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕಬಾರದು. ಎರಡನ್ನು ಒಟ್ಟಿಗೆ ಮಾಡಿ ಗಾಡಿ ಹತ್ತಿದರೆ ಯಾವುದರಿಂದ ಹತ್ತಿತೆಂಬುದು ಎಂದಿಗೂ ತಿಳಿಯದು.

ಶ್ರೀನಿವಾಸಪುರವನ್ನು ಸೇರುವಷ್ಟರಲ್ಲಿ ರಾತ್ರಿ ಎಂಟು ಗಂಟೆ. ಮಾವಿನ ಕಾಲದಲ್ಲಿ ಈ ಊರಿಗೆ ರಾತ್ರಿಯಿಲ್ಲ. ಮಂಡಿಗಳ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದುವು. ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳು ಹುಲ್ಲಿನ ಮೇಲೆ ರಾಶಿ ಬಿದ್ದಿದ್ದುವು. ತೋತಾಪುರಿಯ ಲಾರಿಗಳು ರಸ ತೆಗೆಯುವ ಕಾರ್ಖಾನೆಗಳಿರುವ ಚಿತ್ತೂರಿನ ಕಡೆಗೆ ಹೊರಡುತ್ತಿದ್ದುವು. ಊರು ದಾಟಿ ತೋಪಿನ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಿದಾಗ ಜಗುಲಿಯಲ್ಲಿ ಕುಳಿತಿದ್ದ ಮಾವನವರು ಸದ್ದು ಕೇಳಿಯೇ, “ಭಾವನ ಗಾಡಿ” ಎಂದರು. ಎದ್ದು ನಿಲ್ಲಲು ಗೋಡೆಯನ್ನು ಹಿಡಿಯಬೇಕಾಯಿತು.

ತಾಯಿಯವರು ಮೆಟ್ಟಿಲ ಮೇಲೆಯೇ ನಿಂತರು. ಎಂಟು ವರ್ಷ ಮನಸ್ಸಿನಲ್ಲಿದ್ದ ಮಾತು ಮೊದಲು ಹೊರಗೆ ಬಂತು: “ಅವರು ಹೋದಾಗ ನೀನು ಬರಲಿಲ್ಲವಲ್ಲ, ಅಣ್ಣಯ್ಯ.”

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನನಗೆ ಯಾರು ಹೇಳಿದರಮ್ಮ? ವೈಕುಂಠ ಸಮಾರಾಧನೆಯಾದ ಮಾರನೆಯ ದಿನ ಮಂಡಿಯಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ನಾನು ಬೇಡವೆಂದೇ ನೀವು ತಿಳಿಸಲಿಲ್ಲ ಎಂದುಕೊಂಡೆ.”

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನನಗೆ ಮಾತ್ರ ನಿಂತ ನೆಲ ಜಾರಿದಂತಾಯಿತು. ಆ ದಿನ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಗಿದ್ದಿತು. ಮಾವನ ಮನೆಯ ಫೋನು ಸಿಕ್ಕದೆ ಹೋದಾಗ, ಆ ಕಡೆಗೆ ಹೊರಟಿದ್ದ ಒಬ್ಬ ಪರಿಚಿತರಿಗೆ “ಹಾಗೆಯೇ ತಿಳಿಸಿಬಿಡಿ” ಎಂದು ಹೇಳಿ ಪಟ್ಟಿಯಲ್ಲಿ ಹೆಸರಿಗೆ ಗೀಟು ಎಳೆದಿದ್ದೆ. ಮುಟ್ಟಿತೋ ಇಲ್ಲವೋ ಎಂದು ಮತ್ತೆ ವಿಚಾರಿಸಲಿಲ್ಲ. ಮಾವನವರು ಬಾರದಿದ್ದಾಗ, ತೋಪಿನ ಮಾತು ಕೈಗೆ ಸಿದ್ಧವಾಗಿದ್ದುದರಿಂದ, ಕಾರಣ ಅದೇ ಎಂದು ನಾನೂ ಒಪ್ಪಿಕೊಂಡೆ. ಅಂದು ಸಂಜೆ ಸೀಸೆಯನ್ನು ಹಿಡಿದು, ಟ್ಯಾಂಕಿನಿಂದ ಹೊರಟ ಪೆಟ್ರೋಲು ಎಂಜಿನಿನವರೆಗೆ ಮುಟ್ಟಿತೇ ಎಂದು ನೋಡಿದ ನಾನು, ಎಂಟು ವರ್ಷದಲ್ಲಿ ಒಂದು ದಿನವಾದರೂ ಆ ಸುದ್ದಿಯ ವಿಷಯವಾಗಿ ಹಾಗೆ ನೋಡಿರಲಿಲ್ಲ.

ನಡೆದುದನ್ನು ಇದ್ದಂತೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಜಗುಲಿಯಲ್ಲಿ ಬಹಳ ಹೊತ್ತು ಮಾತಿಲ್ಲ. ತಾಯಿಯವರು ಸೆರಗಿನ ಗಂಟು ಬಿಚ್ಚಿ ಟ್ರಾಕ್ಟರಿನವನು ಕೊಟ್ಟ ಮಾವಿನಕಾಯಿಗಳನ್ನು ಅಣ್ಣನ ಮುಂದಿಟ್ಟರು. “ಮಾವಿನ ತೋಪಿಗೆ ಮಾವಿನಕಾಯಿ ತಂದಿದ್ದೀಯಾ?” ಎಂದು ಮಾವನವರು ನಕ್ಕರು. ತಾಯಿಯವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ಹಾಗಾದರೆ ದೋಷ ನಿನ್ನಲ್ಲಿಯೇ ಇದ್ದಿತು” ಎಂದರು. ಬೇರೇನೂ ಬೈಯಲಿಲ್ಲ. ಒಳಗೆ ಹೋಗಿ, ತಮ್ಮ ಮನೆಯೇ ಎಂಬಂತೆ, ನಮಗೆಲ್ಲ ಮೊಸರನ್ನ ಕಲಸಿ ಬಡಿಸಿದರು.

ಮೂರು ದಿನ ಅಲ್ಲಿದ್ದೆವು. ಹಿಂದಿರುಗುವಾಗ ಗಾಡಿಯಲ್ಲಿ ಕಾಲಿಡಲೂ ಸ್ಥಳವಿಲ್ಲದಷ್ಟು ಹಣ್ಣು ತುಂಬಿತ್ತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೋಲಾರದ ಮೇಲೆ ನೇರವಾಗಿ ಬಂದರೂ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಆ ಕಂಡೆನ್ಸರು ಈಗಲೂ ಹೊರಗಡೆಯ ತಿರುಪಿನಲ್ಲಿಯೇ ಇದೆ. ಒಳಗೆ ಕೂರಿಸಿಕೊಡುತ್ತೇನೆಂದು ಇಲ್ಲಿಯ ಮೆಕ್ಯಾನಿಕರು ಎರಡು ಸಲ ಹೇಳಿದರು. ಇರಲಿ, ಕಣ್ಣಿಗೆ ಕಾಣುತ್ತಿರಲಿ ಎಂದು ಬಿಟ್ಟಿದ್ದೇನೆ. ಪ್ರತಿ ಭಾನುವಾರ ಗಾಡಿಯನ್ನು ಚಾಲೂ ಮಾಡಿದ ಮೇಲೆ ಮಾವನವರಿಗೆ ಫೋನು ಮಾಡುವುದು ಈಗ ನನ್ನ ಕೆಲಸ. ಅವರ ದನಿಯನ್ನು ಕಿವಿಯಾರೆ ಕೇಳಿದ ಮೇಲೆಯೇ ತಾಯಿಯವರಿಗೆ ಅವರ ಕ್ಷೇಮಸಮಾಚಾರವನ್ನು ಹೇಳುತ್ತೇನೆ.